ನಾಲ್ಕು ಮೂಲೆ ಕೂಡುವಲ್ಲಿ ಒಂದು ಏಣಿ: ವಯೋಮಿಂಗ್ ಬೇಟೆಗಾರರ ಪ್ರಕರಣ

2021ರ ಶರತ್ಕಾಲದಲ್ಲಿ ಮಿಸ್ಸೌರಿಯ ನಾಲ್ವರು ಬೇಟೆಗಾರರು ವಯೋಮಿಂಗ್ ರಾಜ್ಯದ ಎಲ್ಕ್ ಮೌಂಟನ್ ಬುಡಕ್ಕೆ ಬಂದಾಗ ಅವರ ಸಾಮಾನಿನಲ್ಲಿ ಬಂದೂಕು, ಡೇರೆ, ದುರ್ಬೀನುಗಳ ಜೊತೆ ಮಡಚುವ ಉಕ್ಕಿನ ಏಣಿಯೊಂದೂ ಇತ್ತು. ಬಯಲಿನಲ್ಲಿ ಬೇಟೆಗೆ ಹೊರಟವನಿಗೆ ಏಣಿ ಯಾಕೆ? ಹತ್ತುವುದಕ್ಕೆ ಅಲ್ಲಿ ಗೋಡೆಯೂ ಇರಲಿಲ್ಲ, ಮರವೂ ಇರಲಿಲ್ಲ. ಅವರು ದಾಟಬೇಕಿದ್ದದ್ದು ನೆಲದಲ್ಲಿ ಹುಗಿದ ಒಂದು ಸರ್ವೆ ಗುರುತನ್ನು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಒಂದು ಬಾಂದುಕಲ್ಲನ್ನು.

ಆ ಗುರುತಿನ ಬಳಿ ನಾಲ್ಕು ಜಮೀನುಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಎದುರುಬದುರಾದ ಎರಡು ಸಾರ್ವಜನಿಕ ಭೂಮಿ, ಉಳಿದೆರಡು ಒಂದು ಖಾಸಗಿ ರಾಂಚಿಗೆ, ಅಂದರೆ ದನ ಮೇಯಿಸುವ ವಿಶಾಲ ಜಮೀನಿಗೆ, ಸೇರಿದ್ದು. ರಾಂಚಿನವರು ತಮ್ಮ ಎರಡು ಮೂಲೆಗಳಲ್ಲಿ ಒಂದೊಂದು ಕಂಬ ನೆಟ್ಟು, 'ಪ್ರವೇಶವಿಲ್ಲ' ಎಂಬ ಫಲಕ ತೂಗುಹಾಕಿ, ಎರಡರ ನಡುವೆ ಸರಪಳಿ ಎಳೆದು ಬೀಗ ಹಾಕಿದ್ದರು. ಬೇಲಿ ಅಂತ ಅಲ್ಲಿ ಇದ್ದದ್ದು ಇಷ್ಟೇ, ಎಡಕ್ಕೂ ಬಲಕ್ಕೂ ಬಯಲು. ಹಿಂದಿನ ವರ್ಷ, 2020ರಲ್ಲಿ, ಇದೇ ತಂಡದವರು ಬಂದಾಗ ಕಂಬ ಹಿಡಿದು ಮೈ ತಿರುಗಿಸಿ, ಸಾರ್ವಜನಿಕ ನೆಲದಿಂದ ಸಾರ್ವಜನಿಕ ನೆಲಕ್ಕೇ ಕಾಲಿಟ್ಟಿದ್ದರು. ಆದರೆ ಕೈ ಕಂಬಕ್ಕೆ ತಾಗಿತ್ತಲ್ಲ, ಕಂಬ ಖಾಸಗಿಯವರದಲ್ಲವೇ? ಆ ತಕರಾರೂ ಬೇಡ ಎಂದು ಮರುವರ್ಷ ಏಣಿ ತಂದರು. ಅದರ ಒಂದು ಕಾಲು ಈಚೆಯ ಸರ್ಕಾರಿ ಭೂಮಿಯಲ್ಲಿ, ಇನ್ನೊಂದು ಆಚೆಯ ಸರ್ಕಾರಿ ಭೂಮಿಯಲ್ಲಿ. ಹತ್ತಿದರು, ಇಳಿದರು. ಖಾಸಗಿ ಮಣ್ಣಿನ ಒಂದು ಕಣವನ್ನೂ ತುಳಿಯಲಿಲ್ಲ.

ಅಷ್ಟಕ್ಕೇ ಕ್ರಿಮಿನಲ್ ಕೇಸು ಬಿತ್ತು. ಅದರ ಹಿಂದೆಯೇ 77.5 ಲಕ್ಷ ಡಾಲರ್ ನಷ್ಟದ ಲೆಕ್ಕ ಹಿಡಿದ ಸಿವಿಲ್ ದಾವೆಯೂ ಬಂತು.

ಚದುರಂಗದ ಮಣೆ

ಈ ವಿಚಿತ್ರ ಜಮೀನು ಹೇಗೆ ಹುಟ್ಟಿತು ಅಂತ ತಿಳಿಯಲು ರೈಲಿನ ಕಾಲಕ್ಕೆ ಹೋಗಬೇಕು. 1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಪೆಸಿಫಿಕ್ ರೈಲ್ವೆ ಕಾಯ್ದೆಯ ಪ್ರಕಾರ ಹಳಿ ಹಾಕುವ ಕಂಪನಿಗೆ ದುಡ್ಡಿನ ಜೊತೆ ನೆಲವನ್ನೂ ಕೊಟ್ಟರು. ಹಳಿಯ ಎರಡೂ ಬದಿಗೆ ಹತ್ತು ಹತ್ತು ಮೈಲಿ ಎಂದು ಶುರುವಾದದ್ದು 1864ರಲ್ಲಿ ಇಪ್ಪತ್ತಕ್ಕೆ ಏರಿತು. ಪೂರ್ತಿ ನೆಲವನ್ನಲ್ಲ, ಒಂದು ಬಿಟ್ಟು ಒಂದು. ಚದರ ಮೈಲಿಗೆ ಒಂದರಂತೆ ಗೆರೆ ಎಳೆದು, ಬೆಸ ಸಂಖ್ಯೆಯ ತುಂಡುಗಳು ರೈಲ್ವೆಗೆ, ಸಮ ಸಂಖ್ಯೆಯವು ಸರ್ಕಾರಕ್ಕೆ. ಒಂದೊಂದು ತುಂಡು 640 ಎಕರೆ, ಗುಂಟೆಯಲ್ಲಿ ಹೇಳುವುದಾದರೆ 25,600. ರೈಲು ಬಂದ ಮೇಲೆ ತನ್ನ ಪಾಲಿನ ನೆಲಕ್ಕೂ ಬೆಲೆ ಬರುತ್ತದೆ, ಮಾರಿಕೊಳ್ಳಬಹುದು ಎಂಬುದು ಸರ್ಕಾರದ ಎಣಿಕೆ. ಆದರೆ ದಕ್ಷಿಣ ವಯೋಮಿಂಗಿನ ಆ ಒಣ, ಗಾಳಿ ಬಡಿಯುವ ಬಯಲನ್ನು ಕೊಳ್ಳುವವರು ಬರಲಿಲ್ಲ. ಸಮ ಸಂಖ್ಯೆಯ ತುಂಡುಗಳು ಸರ್ಕಾರದಲ್ಲೇ ಉಳಿದವು, ಇವತ್ತಿಗೂ ಬಹುಪಾಲು ಅಲ್ಲೇ ಇವೆ. ಬೆಸ ಸಂಖ್ಯೆಯವು ಕೈಯಿಂದ ಕೈಗೆ ಹೋಗಿ ರಾಂಚುಗಳಾದವು.

ಹೀಗಾಗಿ ನಕ್ಷೆ ನೋಡಿದರೆ ನೂರಾರು ಮೈಲಿ ಉದ್ದಕ್ಕೆ ಚದುರಂಗದ ಮಣೆ ಹಾಸಿದಂತೆ ಕಾಣುತ್ತದೆ. ಬಿಳಿ ಮನೆ ಸಾರ್ವಜನಿಕರದ್ದು, ಕಪ್ಪು ಮನೆ ಖಾಸಗಿಯವರದ್ದು ಎಂದುಕೊಳ್ಳಿ. ಮಣೆಯ ಮೇಲಿನ ಒಂಟೆ ಬಿಳಿ ಮನೆಯಿಂದ ಬಿಳಿ ಮನೆಗೆ ಮೂಲೆಯ ಮೂಲಕ ಸರಾಗ ಜಾರುತ್ತದೆ. ಮನುಷ್ಯನೂ ಹಾಗೆ ಹೋಗಬಹುದೇ? ನೂರೈವತ್ತು ವರ್ಷ ಈ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿರಲಿಲ್ಲ. 2004ರಲ್ಲಿ ವಯೋಮಿಂಗಿನ ಅಟಾರ್ನಿ ಜನರಲ್ ಕೊಟ್ಟ ಅಭಿಪ್ರಾಯವೂ ಅಡ್ಡಗೋಡೆಯ ಮೇಲಿನ ದೀಪವೇ: ಬೇಟೆ ಇಲಾಖೆಯ ಕಾನೂನಿನ ಪ್ರಕಾರ ತಪ್ಪಾಗದಿರಬಹುದು, ಸಾಮಾನ್ಯ ಅತಿಕ್ರಮ ಪ್ರವೇಶದ ಕಾನೂನಿನ ಪ್ರಕಾರ ತಪ್ಪಾಗಬಹುದು.

ಪಶ್ಚಿಮದ ರಾಜ್ಯಗಳಲ್ಲಿ ಹೀಗೆ ಮೂಲೆಯಿಂದಲ್ಲದೆ ಬೇರೆ ದಾರಿಯೇ ಇಲ್ಲದ ಸಾರ್ವಜನಿಕ ಭೂಮಿ ಸುಮಾರು 83 ಲಕ್ಷ ಎಕರೆ ಎಂದು ನಕ್ಷೆಯ ಆ್ಯಪ್ ಮಾಡುವ ಆನ್‌ಎಕ್ಸ್ ಕಂಪನಿ ಲೆಕ್ಕ ಹಾಕಿದೆ. ಅದರಲ್ಲಿ 24 ಲಕ್ಷಕ್ಕೂ ಹೆಚ್ಚು ವಯೋಮಿಂಗ್ ಒಂದರಲ್ಲೇ. ನಮ್ಮ ಹಳ್ಳಿಗಳಲ್ಲಿ ನಕಾಶೆಯಲ್ಲಿ ಬಂಡಿದಾರಿ ಇದ್ದು ಜಾಗದಲ್ಲಿ ಮಾಯವಾಗಿರುವುದು ಹೊಸದಲ್ಲ. ಇಲ್ಲಿ ನಕಾಶೆಯಲ್ಲೂ ದಾರಿ ಇಲ್ಲ, ಇರುವುದು ಒಂದು ಚುಕ್ಕೆ.

ಬೇಟೆಗಾರರಿಗೆ ಇದೇಕೆ ಇಷ್ಟು ದೊಡ್ಡ ವಿಷಯ

ಬೇಟೆ ಅಂದ ಕೂಡಲೇ ನಮಗೆ ಅಪರಾಧ ನೆನಪಾಗುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ಪೀಳಿಗೆಗೆ 'ಬೇಟೆಗಾರರು ಪ್ರಾಣಿ ಸಂಕುಲದ ಪರ ವಾದಿಸಿದರು' ಎಂಬ ವಾಕ್ಯವೇ ತಮಾಷೆಯಾಗಿ ಕೇಳಿಸಬಹುದು. ಅಮೆರಿಕದ ಏರ್ಪಾಟು ಬೇರೆ ನೆಲೆಯ ಮೇಲೆ ನಿಂತಿದೆ. ಕಾಡುಪ್ರಾಣಿ ನೆಲದ ಒಡೆಯನ ಸ್ವತ್ತಲ್ಲ. ಯಾರ ಹೊಲದಲ್ಲಿ ಮೇಯುತ್ತಿದ್ದರೂ ಅದನ್ನು ಜನರ ಪರವಾಗಿ ನೋಡಿಕೊಳ್ಳುವುದು ರಾಜ್ಯದ ಕೆಲಸ. ಆ ಕೆಲಸಕ್ಕೆ ದುಡ್ಡು ಬರುವುದು ದೊಡ್ಡ ಪಾಲು ಬೇಟೆಗಾರರ ಕಿಸೆಯಿಂದ: ಪರವಾನಗಿ ಶುಲ್ಕ, ಮತ್ತೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ಶೇ. 10-11ರ ತೆರಿಗೆ. ಹೊರರಾಜ್ಯದವನು ವಯೋಮಿಂಗಿನಲ್ಲಿ ಒಂದು ಎಲ್ಕ್ ಬೇಟೆಗೆ ಕೊಡಬೇಕಾದದ್ದು ಹೆಚ್ಚುಕಡಿಮೆ 700 ಡಾಲರ್. ಅದೂ ಲಾಟರಿಯಲ್ಲಿ ಹೆಸರು ಬಂದರೆ.

ಎಲ್ಕ್ ಅಂದರೆ ನಮ್ಮ ಕಡವೆಯ ದಾಯಾದಿ. ಬಲಿತ ಗಂಡು 300 ಕಿಲೋ ದಾಟುತ್ತದೆ. ಪ್ರತಿ ಹಿಂಡಿಗೂ ಇಷ್ಟಿರಬೇಕು ಎಂದು ಬೇಟೆ ಮತ್ತು ಮೀನು ಇಲಾಖೆ ಗುರಿ ಇಟ್ಟುಕೊಂಡಿರುತ್ತದೆ. ಎಣಿಕೆ ಮಾಡುತ್ತಾರೆ, ಹೆಚ್ಚಿದ್ದರೆ ಪರವಾನಗಿ ಏರಿಸುತ್ತಾರೆ, ಕಡಿಮೆ ಇದ್ದರೆ ಇಳಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಗಂಡು ಹೊಡೆಯುವುದರಿಂದ ಹಿಂಡು ಕರಗುವುದಿಲ್ಲ, ಉಳಿದ ಕೆಲವೇ ಗಂಡುಗಳು ಸಾಕು. ಸಂಖ್ಯೆ ಇಳಿಯಬೇಕಾದರೆ ಹೆಣ್ಣುಗಳನ್ನು ತೆಗೆಯಬೇಕು. ದೊಡ್ಡ ಕೊಂಬಿಗೆ ಸಾವಿರಾರು ಡಾಲರ್ ಕೊಡುವ ಶ್ರೀಮಂತ ಅತಿಥಿ ಹೆಣ್ಣು ಎಲ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಾಂಸಕ್ಕೆ ಬರುವ ಸಾಮಾನ್ಯ ಬೇಟೆಗಾರ ನೋಡುತ್ತಾನೆ. ಇಲಾಖೆಗೆ ಬೇಕಾದವನು ಅವನೇ, ಹಿಂಡಿನ ಹತ್ತಿರ ಹೋಗಲಾಗದವನೂ ಅವನೇ.

ಎಲ್ಕು ದಡ್ಡ ಪ್ರಾಣಿಯಲ್ಲ. ಮೊದಲ ಗುಂಡಿನ ಸದ್ದು ಕೇಳಿದ್ದೇ ತಡ, ಯಾವ ಕಡೆ ಜನರ ವಾಸನೆ ಇಲ್ಲವೋ ಆ ಕಡೆಗೆ ಹಿಂಡು ಸರಿದುಬಿಡುತ್ತದೆ. ಕೊರಳಪಟ್ಟಿ ಕಟ್ಟಿ ಜಾಡು ಹಿಡಿದವರು ಪಶ್ಚಿಮದ ಹಲವು ರಾಜ್ಯಗಳಲ್ಲಿ ಇದನ್ನು ಕಂಡಿದ್ದಾರೆ. ಬೇಟೆಯ ಹಂಗಾಮು ಶುರುವಾದೊಡನೆ ಅವು ಖಾಸಗಿ ರಾಂಚುಗಳಿಗೆ ಹೊಕ್ಕು, ಹಂಗಾಮು ಮುಗಿದ ಮೇಲೆ ಹೊರಬರುತ್ತವೆ. ಹಿಂಡು ಬೆಳೆಯುತ್ತದೆ, ನೆರೆಯ ಸಣ್ಣ ರೈತನ ಹುಲ್ಲಿನ ಬಣವೆ ಕರಗುತ್ತದೆ, ಎಳೆಯ ಆಸ್ಪೆನ್ ಗಿಡಗಳು ಮೇಲೇಳುವುದಿಲ್ಲ. ವಯೋಮಿಂಗಿನ ಪೂರ್ವ ಮತ್ತು ಮಧ್ಯ ಭಾಗದ ಎಷ್ಟೋ ಹಿಂಡುಗಳು ಗುರಿಗಿಂತ ಮೇಲೆಯೇ ಇವೆ. ಇಲಾಖೆ ಹಂಗಾಮು ಉದ್ದ ಮಾಡಿತು, ಹೆಣ್ಣು ಎಲ್ಕಿನ ಪರವಾನಗಿ ಹೆಚ್ಚಿಸಿತು. ಕೈಯಲ್ಲಿ ಚೀಟಿ ಇದೆ, ಕಾಲಿಡಲು ಜಾಗವಿಲ್ಲ. ಈ ಸ್ಥಿತಿಯಲ್ಲಿ ಬೇಟೆಗಾರರ ಸಂಘಗಳು 'ಹಿಂಡಿನ ನಿರ್ವಹಣೆ ಸರಿಯಾಗಬೇಕಾದರೆ ಮೊದಲು ದಾರಿ ಬಿಡಿಸಿ' ಎಂದು ಹಿಡಿದ ಹಟ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅವರ ಸ್ವಾರ್ಥ ಇಲ್ಲವೆಂದಲ್ಲ, ಖಂಡಿತ ಇದೆ.

ಹಳೆಯ ಬೇಲಿಗಳು

ಮಣೆಯ ಆಟ ಹೊಸದಲ್ಲ. 1880ರ ದಶಕದ ದನದ ದೊರೆಗಳು ಜಾಣತನ ತೋರಿದ್ದರು. ತಮ್ಮ ಬೆಸ ಸಂಖ್ಯೆಯ ತುಂಡುಗಳ ಅಂಚಿನೊಳಗೆ ಮಾತ್ರ ಬೇಲಿ ಹಾಕಿ, ಮೂಲೆಗಳಲ್ಲಿ ಒಂದಿಷ್ಟೇ ಸಂದು ಬಿಟ್ಟು, ಮಧ್ಯದ ಸರ್ಕಾರಿ ಭೂಮಿಯನ್ನು ಸದ್ದಿಲ್ಲದೆ ನುಂಗುತ್ತಿದ್ದರು. ಅದನ್ನು ತಡೆಯಲೆಂದೇ 1885ರಲ್ಲಿ ಅಕ್ರಮ ಬೇಲಿ ನಿಷೇಧದ ಕಾಯ್ದೆ ಬಂತು. ಬೇಲಿಯಿಂದಾಗಲಿ ಬೆದರಿಕೆಯಿಂದಾಗಲಿ ಸಾರ್ವಜನಿಕ ಭೂಮಿಗೆ ಹೋಗುವವರನ್ನು ತಡೆಯುವಂತಿಲ್ಲ. ಕೊಲರಾಡೋದ ಇಂಥದೇ ಬೇಲಿಯ ಪ್ರಕರಣದಲ್ಲಿ 1897ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬೇಲಿ ನಿನ್ನ ನೆಲದಲ್ಲೇ ನಿಂತಿರಬಹುದು, ಅದು ಸುತ್ತುವರಿದಿರುವುದು ಊರವರ ನೆಲವನ್ನಾದರೆ ಕೀಳಲೇಬೇಕು.

ಇನ್ನೊಂದು ಪ್ರಕರಣ ಎಲ್ಕ್ ಮೌಂಟನ್ ಇರುವ ಕಾರ್ಬನ್ ಕೌಂಟಿಯದೇ. ರೆಡ್ ರಿಮ್ ಎಂಬಲ್ಲಿ ಒಬ್ಬ ರಾಂಚಿನವ 28 ಮೈಲಿ ಉದ್ದದ ಬೇಲಿ ಹಾಕಿದ. ಒಳಗೆ ಸಿಕ್ಕಿಬಿದ್ದ ಸಾರ್ವಜನಿಕ ಭೂಮಿ 9,600 ಎಕರೆ. ಅದು ಪ್ರಾಂಗ್‌ಹಾರ್ನ್‌ಗಳು, ಅಂದರೆ ನಮ್ಮ ಕೃಷ್ಣಮೃಗದಂತೆ ಬಯಲಲ್ಲಿ ಹಾರುವೇಗದಲ್ಲಿ ಓಡುವ ಪ್ರಾಣಿಗಳು, ಚಳಿಗಾಲ ಕಳೆಯುವ ಜಾಗ. ಪ್ರಾಂಗ್‌ಹಾರ್ನ್ ಬೇಲಿ ಹಾರುವುದು ಅಪರೂಪ, ಕೆಳಗಿನಿಂದ ನುಸುಳುತ್ತದೆ. ಬಲೆಯಂಥ ತಂತಿ ನೆಲದವರೆಗೂ ಇದ್ದರೆ ಅದರ ಕಥೆ ಮುಗಿಯಿತು. ಹಿಮ ಬಿದ್ದ ಮೇಲೆ ಅವು ಬೇಲಿಯ ಹೊರಗೆ ಹಸಿದು ನಿಂತವು. 1988ರಲ್ಲಿ ಹತ್ತನೇ ವಲಯದ ಮೇಲ್ಮನವಿ ಕೋರ್ಟ್ 1885ರ ಕಾಯ್ದೆಯನ್ನೇ ಹಿಡಿದು ಆ ಬೇಲಿ ತಡೆಯಾಗದಂತೆ ಮಾಡಬೇಕೆಂದು ಆದೇಶಿಸಿತು. ಪ್ರಾಂಗ್‌ಹಾರ್ನ್‌ಗೆ ಸಿಕ್ಕ ದಾರಿ ಅದೇ ಕೌಂಟಿಯಲ್ಲಿ ಎರಡು ಕಾಲಿನವನಿಗೆ ಸಿಗಲು ಮತ್ತೆ 37 ವರ್ಷ ಕಾಯಬೇಕಾಯಿತು.

ಆದರೆ 1979ರ ಇನ್ನೊಂದು ತೀರ್ಪು ಅಡ್ಡ ನಿಂತಿತ್ತು. ಸೆಮಿನೋ ಜಲಾಶಯಕ್ಕೆ ಹೋಗಲು ಸರ್ಕಾರ ಇಂಥದೇ ಮೂಲೆಯ ಮೇಲೆ ರಸ್ತೆ ಕಡಿದಾಗ ಲಿಯೋ ಶೀಪ್ ಕಂಪನಿ ತಕರಾರು ತೆಗೆಯಿತು. ರಸ್ತೆ ಬೇಕಿದ್ದರೆ ದುಡ್ಡು ಕೊಟ್ಟು ಭೂಸ್ವಾಧೀನ ಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ನಂತರದ ನಾಲ್ಕು ದಶಕ ಜಮೀನುದಾರರು ಮೂಲೆ ದಾಟುವವರ ಮುಂದೆ ಹಿಡಿದದ್ದು ಇದೇ ತೀರ್ಪನ್ನು. ಫೆಡರಲ್ ಸರ್ಕಾರ ಆಮೇಲೆ ಹೆಚ್ಚು ಸದ್ದು ಮಾಡಲಿಲ್ಲ. ಏಣಿ ಪ್ರಕರಣದಲ್ಲೂ, ಭೂಮಿಯ ಮಾಲೀಕ ತಾನೇ ಆಗಿದ್ದರೂ, ಅದು ಪಕ್ಷಗಾರನಾಗಿ ನಿಲ್ಲಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ರಾಂಚಿನ ಸರಪಳಿಗಿಂತ ಈ ಮೌನ.

ರಾಲಿನ್ಸ್‌ನಿಂದ ಡೆನ್ವರ್‌ಗೆ

ರಾಂಚು ಸುಮಾರು 22,000 ಎಕರೆಯದ್ದು. ಉತ್ತರ ಕ್ಯಾರೊಲೈನಾದ ಔಷಧ ಉದ್ಯಮಿಯೊಬ್ಬರ ಐರನ್ ಬಾರ್ ಹೋಲ್ಡಿಂಗ್ಸ್ ಹೆಸರಿನಲ್ಲಿದೆ. 2021ರಲ್ಲಿ ಮ್ಯಾನೇಜರ್ ಬೇಟೆಗಾರರನ್ನು ತಡೆದ, ಪೊಲೀಸರನ್ನು ಕರೆಸಿದ. ಕೊನೆಗೆ ನಾಲ್ವರ ಮೇಲೂ ಅತಿಕ್ರಮ ಪ್ರವೇಶದ ಆರೋಪ ಬಿತ್ತು. ಸಣ್ಣ ದಂಡ ಕಟ್ಟಿ ಊರಿಗೆ ಹೋಗಬಹುದಿತ್ತು. ಅವರು ವಿಚಾರಣೆಯನ್ನೇ ಆರಿಸಿಕೊಂಡರು. ವಕೀಲರ ಖರ್ಚಿಗೆ ಬ್ಯಾಕ್‌ಕಂಟ್ರಿ ಹಂಟರ್ಸ್ ಆ್ಯಂಡ್ ಆ್ಯಂಗ್ಲರ್ಸ್ ಸಂಘದ ವಯೋಮಿಂಗ್ ಶಾಖೆ ಚಂದಾ ಎತ್ತಿತು, ಲಕ್ಷ ಡಾಲರ್ ದಾಟಿತು. ಕಂಡು ಕೇಳದವರೂ ಹತ್ತು ಇಪ್ಪತ್ತು ಡಾಲರ್ ಹಾಕಿದ್ದರು. 2022ರ ಏಪ್ರಿಲ್‌ನಲ್ಲಿ ರಾಲಿನ್ಸ್ ಪಟ್ಟಣದ ಜ್ಯೂರಿ ನಾಲ್ವರೂ ನಿರಪರಾಧಿಗಳೆಂದಿತು. ರಾಂಚುಗಳನ್ನು ನೋಡುತ್ತಲೇ ಬೆಳೆದ ಕೌಂಟಿಯ ಜನರೇ ಕೊಟ್ಟ ತೀರ್ಪು ಅದು.

ಸಿವಿಲ್ ದಾವೆ ಬೇರೆಯೇ ಓಡುತ್ತಿತ್ತು. ಅದರ ವಾದ ರುಚಿಕರವಾಗಿದೆ. ನೆಲ ಮುಟ್ಟಿಲ್ಲ, ಸರಿ. ಆದರೆ ಮೂಲೆಯ ಬಿಂದುವಿಗೆ ಅಗಲವಿಲ್ಲ, ಮನುಷ್ಯನಿಗೆ ಭುಜವಿದೆ. ಏಣಿ ಹತ್ತಿದವನ ಭುಜ ನಮ್ಮ ನೆಲದ ಮೇಲಿನ ಗಾಳಿಯೊಳಗೆ ಬಂತು, ಆ ಗಾಳಿ ನಮ್ಮದು. ಇದರಿಂದ ರಾಂಚಿನ ಬೆಲೆ ಕಾಲುಭಾಗ ಇಳಿಯುತ್ತದೆ, ಅದೇ 77.5 ಲಕ್ಷ ಡಾಲರ್. ಮಾಲೀಕರು ಅರಿಯದೆಯೇ ಒಪ್ಪಿಕೊಂಡ ಸತ್ಯವೊಂದು ಈ ಲೆಕ್ಕದೊಳಗೇ ಇತ್ತು: ರಾಂಚಿನ ಬೆಲೆಯ ಕಾಲುಭಾಗ, ತಮ್ಮದಲ್ಲದ ನೆಲವನ್ನು ತಾವೊಬ್ಬರೇ ಅನುಭವಿಸುವುದಕ್ಕೆ ಬಂದ ಬೆಲೆ.

ನೆಲದ ಒಡೆಯನಿಗೆ ಆಕಾಶದವರೆಗೂ ಹಕ್ಕು ಎಂಬ ಹಳೆಯ ಸೂತ್ರಕ್ಕೆ 1946ರಲ್ಲೇ ಸುಪ್ರೀಂ ಕೋರ್ಟ್ ಪೆಟ್ಟು ಕೊಟ್ಟಿತ್ತು. ಅದು ಯುದ್ಧವಿಮಾನದ ಸದ್ದಿಗೆ ಬೆದರಿ ಗೋಡೆಗೆ ಹಾರಿ ಸತ್ತ ಕೋಳಿಗಳ ಪ್ರಕರಣ. ಆದರೂ ನೆಲಕ್ಕೆ ಹತ್ತಿರದ ಗಾಳಿ ಒಡೆಯನದ್ದೇ ಎಂದು ಉಳಿದಿದೆ. ಹಾಗೆ ನೋಡಿದರೆ ಎರಡು ಖಾಸಗಿ ಮೂಲೆಗಳ ನಡುವೆ ಎಳೆದ ಆ ಸರಪಳಿಯೂ ಅದೇ ಬಿಂದುವಿನ ಮೇಲೆ, ಸಾರ್ವಜನಿಕರ ಗಾಳಿಯನ್ನು ಸವರಿಕೊಂಡೇ ಹೋಗಿತ್ತಲ್ಲ!

2023ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಧೀಶ ಸ್ಕಾಟ್ ಸ್ಕಾವ್ಡಾಲ್ ಬೇಟೆಗಾರರ ಪರ ತೀರ್ಪಿತ್ತರು. ಕಾಲ್ನಡಿಗೆಯಲ್ಲಿ, ಖಾಸಗಿ ನೆಲ ಮುಟ್ಟದೆ, ಏನನ್ನೂ ಹಾಳು ಮಾಡದೆ ಮೂಲೆ ದಾಟಿದರೆ ಅದು ಅತಿಕ್ರಮವಲ್ಲ. ಮೇಲ್ಮನವಿ ಡೆನ್ವರ್‌ನಲ್ಲಿರುವ ಅದೇ ಹತ್ತನೇ ವಲಯದ ಕೋರ್ಟಿಗೆ ಹೋಯಿತು. ದನ ಸಾಕಣೆದಾರರ ಮತ್ತು ಕುರಿ ಸಾಕಣೆದಾರರ ಸಂಘಗಳು ರಾಂಚಿನ ಬೆನ್ನಿಗೆ ನಿಂತವು, ಬೇಟೆಗಾರರ ಸಂಘ ಎದುರಿಗೆ. 2025ರ ಮಾರ್ಚ್ 18ರಂದು ಮೂವರು ನ್ಯಾಯಾಧೀಶರ ಪೀಠ ಒಮ್ಮತದಿಂದ ಕೆಳಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಟಿಮೊಥಿ ಟಿಮ್ಕೊವಿಚ್ ಒಂದು ಮಾತು ಮುಚ್ಚಿಡಲಿಲ್ಲ: ವಯೋಮಿಂಗಿನ ಸ್ವಂತ ಕಾನೂನನ್ನಷ್ಟೇ ನೋಡಿದರೆ ಇದು ಅತಿಕ್ರಮವೇ. ಆದರೆ 1885ರ ಕೇಂದ್ರ ಕಾಯ್ದೆ ಅದರ ಮೇಲೆ ಕೂರುತ್ತದೆ. ತಂತಿಯಿಂದ ಹಾಕಲಾಗದ ಬೇಲಿಯನ್ನು ಮೊಕದ್ದಮೆಯಿಂದ ಹಾಕಲು ಬರುವುದಿಲ್ಲ. ಲಿಯೋ ಶೀಪ್ ತೀರ್ಪು ರಸ್ತೆ ಕಡಿಯುವ ಸರ್ಕಾರಕ್ಕೆ, ದಾಟಿ ನಡೆಯುವ ಮನುಷ್ಯನಿಗಲ್ಲ. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ರಾಂಚಿನವರ ಕಡೆಯಿಂದ

ಅವರಿಗೂ ಒಂದು ಮಾತಿದೆ. ಆ ದೇಶದ ಎಲ್ಕು ಚಳಿಗಾಲದಲ್ಲಿ ಬದುಕುವುದೇ ಎಷ್ಟೋ ಕಡೆ ಖಾಸಗಿ ಹುಲ್ಲಿನ ಮೇಲೆ. ತೊರೆಯ ದಂಡೆ, ತಗ್ಗು, ನೀರಾವರಿ ಹುಲ್ಲುಗಾವಲು ಎಲ್ಲ ಮೊದಲು ಬಂದವರು ಹಿಡಿದ ಜಾಗಗಳು. ಸಾರ್ವಜನಿಕರಿಗೆ ಉಳಿದದ್ದು ಹೆಚ್ಚಾಗಿ ಒಣ ದಿಬ್ಬ. ಬೇಲಿ ಕಿತ್ತುಹೋಗುವುದು, ಗೇಟು ತೆರೆದೇ ಬಿಟ್ಟು ಹೋಗುವ ಬೇಟೆಗಾರ, ಗಡಿಯಾಚೆ ಬಿದ್ದ ಪ್ರಾಣಿಯನ್ನು ಎಳೆದುಕೊಂಡು ಹೋಗುವವ, ಇವೆಲ್ಲ ಕಟ್ಟುಕಥೆಯಲ್ಲ. ಬೆಳೆನಷ್ಟಕ್ಕೆ ರಾಜ್ಯ ಪರಿಹಾರ ಕೊಡುತ್ತದೆ. ಬೇಟೆಗಾರರನ್ನು ಬಿಟ್ಟುಕೊಳ್ಳುವ ಜಮೀನುದಾರನಿಗೆ ಹಣ ಕೊಡುವ ಯೋಜನೆಯೂ ಇಲಾಖೆಯಲ್ಲಿದೆ. ಸಣ್ಣ ಹಿಡುವಳಿಯವರು ಅದಕ್ಕೆ ಒಪ್ಪುತ್ತಾರೆ. ದೂರದೂರಿನಲ್ಲಿದ್ದು ಏಕಾಂತಕ್ಕಾಗಿ ಬೆಟ್ಟ ಕೊಂಡವರಿಗೆ ಆ ಹಣ ಯಾವ ಲೆಕ್ಕ?

ಬೇಟೆಗಾರರ ನಡುವೆಯೂ ಒಂದೇ ದನಿ ಇಲ್ಲ. ಮೂಲೆ ದಾಟುವ ಹಕ್ಕು ಸಿಕ್ಕಿತೆಂದು ಎಲ್ಲರೂ ನುಗ್ಗಿದರೆ ಎಲ್ಕು ಇನ್ನೂ ಒಳಗಿನ ಖಾಸಗಿ ತುಂಡಿಗೆ ಸರಿಯುತ್ತದೆ ಎನ್ನುವ ಹಳಬರಿದ್ದಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಹತ್ತು ಮೈಲಿ ನಡೆದು ಹೋದವನು 300 ಕಿಲೋದ ಪ್ರಾಣಿಯನ್ನು ತುಂಡು ಮಾಡಿ ಬೆನ್ನ ಮೇಲೆ ಹೊತ್ತು, ಅದೇ ಮೂಲೆಯ ಮೂಲಕ, ಮೂರೋ ನಾಲ್ಕೋ ಸಲ ಓಡಾಡಬೇಕು. ಅಷ್ಟು ಕಷ್ಟಕ್ಕೆ ಇಳಿಯುವವರು ಎಷ್ಟು ಮಂದಿ? ಹಿಂಡುಗಳು ಗುರಿಗೆ ಇಳಿಯುವುದು ಈ ಒಂದು ತೀರ್ಪಿನಿಂದ ಆಗುವ ಕೆಲಸವಲ್ಲ. ನೆರೆಯ ರಾಂಚಿನವನ ಜೊತೆ ಕೂತು, ಹಂಗಾಮಿನ ಕೊನೆಯಲ್ಲಿ ಹೆಣ್ಣು ಎಲ್ಕಿಗಾದರೂ ಗೇಟು ತೆಗೆಸುವ ಕೆಲಸ ಬಾಕಿ ಇದೆ. ಅದಕ್ಕೆ ಏಣಿ ಸಾಲದು.

ಡೆನ್ವರ್ ಕೋರ್ಟಿನ ತೀರ್ಪು ನಡೆಯುವುದು ಆರು ರಾಜ್ಯಗಳಲ್ಲಿ: ವಯೋಮಿಂಗ್, ಕೊಲರಾಡೋ, ಯೂಟಾ, ನ್ಯೂ ಮೆಕ್ಸಿಕೋ, ಕ್ಯಾನ್ಸಸ್, ಒಕ್ಲಹೋಮ. ಉತ್ತರಕ್ಕೆ ಗಡಿ ದಾಟಿ ಮೊಂಟಾನಾಕ್ಕೆ ಹೋದರೆ ಬೇರೆ ವಲಯ, ಬೇರೆ ಮಾತು. ಅಲ್ಲಿ ಮೂಲೆ ದಾಟುವುದು ಈಗಲೂ ಕಾನೂನುಬಾಹಿರವೇ ಎಂದು ರಾಜ್ಯದ ವನ್ಯಜೀವಿ ಇಲಾಖೆ ತೀರ್ಪಿನ ನಂತರವೂ ಹೇಳಿತು. ಅಲ್ಲೂ ಚದುರಂಗದ ಮಣೆ ಇದೆ, ಅಲ್ಲೂ ಎಲ್ಕು ಗುಂಡಿನ ಸದ್ದು ಕೇಳಿ ಕಪ್ಪು ಮನೆಗೆ ಸರಿಯುತ್ತದೆ, ಬೇಟೆಗಾರ ಫೋನಿನ ನಕ್ಷೆ ದೊಡ್ಡದು ಮಾಡಿಕೊಂಡು ಚುಕ್ಕೆಯ ಈಚೆ ನಿಂತಿರುತ್ತಾನೆ.